ಹುಲ್ಲು ನಿಲ್ತಿಲ್ಲ, ನಿಂತಿದ್ದು ಹುಲ್ಲಿನ ಥರ ಕಾಣ್ತಿಲ್ಲ

#1 ಲೂಪ್‌ಲೈನ್
ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಇಲ್ಲಿ ಸುಮ್ನೆ ಓದ್ಕೊಂಡಿದ್ದವನು, ಇವತ್ತು ಸೋತು ಸುಣ್ಣ ಆಗಿ ಬರೀತಿದ್ದೀನಿ.

ಎಚ್‌ಒ ಸ್ಕೇಲ್ (ನಿಜದ 87ನೇ ಒಂದು ಭಾಗ) ಮಾಡೆಲ್ ರೈಲು, ಎಂಟಡಿ ಉದ್ದ ಮೂರಡಿ ಅಗಲದ ಲೇಔಟ್. ಒಂದು ಬ್ರಾಂಚ್ ಲೈನ್, ಪುಟ್ಟ ಸ್ಟೇಷನ್, ಹಿಂದೆ ಗುಡ್ಡ. ಹಳಿ, ವೈರಿಂಗ್, ರೈಲಿನ ದಾರಿ ಬದಲಿಸೋ ಪಾಯಿಂಟ್‌ಗಳ ಮೋಟರ್ ಎಲ್ಲ ಹೇಳಿದ ಮಾತು ಕೇಳ್ತಿವೆ. ಗುಡ್ಡ ಥರ್ಮಕೋಲ್‌ನಲ್ಲಿ ಕೆತ್ತಿ ಮೇಲೆ ಪ್ಲಾಸ್ಟರ್ ಬಟ್ಟೆ ಹೊದಿಸಿದ್ದು. ಅದಕ್ಕೆ ಹಸಿರು ಬಣ್ಣ ಬಳಿದು, ಪಿವಿಎ ಅಂಟಿಗೆ ನೀರು ಬೆರೆಸಿ ಹಚ್ಚಿ, ಹೊಸದಾಗಿ ತಗೊಂಡ ಸ್ಟ್ಯಾಟಿಕ್ ಗ್ರಾಸ್ ಮೆಷಿನ್‌ನಲ್ಲಿ (ನೈಲಾನ್ ಎಳೆಗಳನ್ನ ಕರೆಂಟ್‌ನಿಂದ ನೆಟ್ಟಗೆ ನಿಲ್ಲಿಸೋ ಯಂತ್ರ) 4 ಮಿ.ಮೀ. ಉದ್ದದ ಹುಲ್ಲು ಉದುರಿಸಿದೆ.

ಅರ್ಧ ಗುಡ್ಡದಲ್ಲಿ ಹುಲ್ಲು ಮಳೇಲಿ ನೆಂದ ಬೆಕ್ಕಿನ ಮೈ ಥರ ಮಲಗಿದೆ. ಇನ್ನರ್ಧದಲ್ಲಿ ನಿಂತಿದೆ, ಆದ್ರೆ ಫುಟ್‌ಬಾಲ್ ಮೈದಾನವನ್ನ ಓರೆಯಾಗಿ ನಿಲ್ಲಿಸಿದ ಹಾಗಿದೆ. ಮಗಳು ನೋಡಿ "ಅಪ್ಪಾ, ಕಾರ್ಪೆಟ್ ಚೆನ್ನಾಗಿದೆ" ಅಂದ್ಳು. ಅವಳು ನಿಜವಾಗ್ಲೂ ಹೊಗಳಿದ್ದು, ಅದೇ ಬೇಜಾರು.

ಮಲಗಿದ್ದು ಯಾಕೆ, ನಿಂತಿದ್ದು ಯಾಕೆ ಹೀಗೆ ಕಾಣ್ತಿದೆ? ಮರಗಳ ಬುಡಕ್ಕೆ ಪೊದೆ ಅಂತ ಸ್ಪಂಜ್ ಚೂರು ಅಂಟಿಸಿದ್ದೀನಿ, ಅವು ಸ್ಪಂಜ್ ಚೂರಿನ ಥರಾನೇ ಕಾಣ್ತಿವೆ. ದಾರಿ ತೋರಿಸಿ.

#2 ಬಫರ್ ಸ್ಟಾಪ್
ರೈಲು ತೆಗೆದು ಎರಡು ಗೋಲ್ ಪೋಸ್ಟ್ ನಿಲ್ಲಿಸಿ, ಮುಗೀತು.

#3 ಸೋಲ್ಡರ್ ಹೊಗೆ
ಮೆಷಿನ್ನಿನ ಇನ್ನೊಂದು ವೈರಿನ ಕ್ಲಿಪ್ ಎಲ್ಲಿ ಹಾಕಿದ್ರಿ, ಅದನ್ನ ಮೊದಲ ಹೇಳ್ರಿ. ಉಳಿದದ್ದು ಆಮೇಲೆ ನೋಡೋಣ.

#4 ಲೂಪ್‌ಲೈನ್
ಗುಡ್ಡದ ತುದೀಲಿ ಒಂದು ಉದ್ದ ಸ್ಕ್ರೂ ಚುಚ್ಚಿ ಅದಕ್ಕೆ ಹಾಕಿದ್ದೆ ಸರ್. ಇಡೀ ಗುಡ್ಡಕ್ಕೆ ಅದೊಂದೇ.

#5 ಸೋಲ್ಡರ್ ಹೊಗೆ
ಹಂಗಾದ್ರ ಅಲ್ಲೇ ಸಿಕ್ತು ನೋಡ್ರಿ ಕಳ್ಳ.

ಈ ಮೆಷಿನ್ ಕೆಲಸ ಮಾಡೋದು ಹಿಂಗ. ಒಂದು ಕಡೆ ವೋಲ್ಟೇಜ್ ಹುಲ್ಲು ಉದುರೋ ಜಾಲರಿಗೆ ಬರ್ತೈತಿ, ಇನ್ನೊಂದು ಕಡೆ ಕ್ಲಿಪ್ ಮೂಲಕ ಅಂಟಿಗೆ ಹೋಗಬೇಕು. ಜಾಲರಿಗೂ ಅಂಟಿಗೂ ನಡುವ ವಿದ್ಯುತ್ ಕ್ಷೇತ್ರ ಹುಟ್ಟಿದ್ರ ನೈಲಾನ್ ಎಳೆ ಆ ಕ್ಷೇತ್ರದ ಗೆರೆಗುಂಟ ಸೆಟೆದು ನಿಲ್ತೈತಿ, ಹಂಗೇ ಹಾರಿ ತುದಿ ಊರಿ ಅಂಟಿನಾಗ ಕೂರ್ತೈತಿ. ಅಂಟು ಹಸಿ ಇರೋತನಕ ಅದರಾಗಿನ ನೀರಿನ ದೆಸೆಯಿಂದ ಅಷ್ಟಿಷ್ಟು ಕರೆಂಟ್ ಹರೀತೈತಿ. ಒಣಗಿದ ಪ್ಲಾಸ್ಟರ್‌ನಾಗ ಹರಿಯಂಗಿಲ್ಲ. ಥರ್ಮಕೋಲ್ ಅಂತೂ ಕೇಳಬ್ಯಾಡ್ರಿ, ಅದು ಅವಾಹಕ. ನಿಮ್ಮ ಸ್ಕ್ರೂ ಥರ್ಮಕೋಲ್‌ನಾಗ ಸುಮ್ಮನ ನಿಂತೈತಿ. ಅದರ ಹತ್ತಿರ ಅಂಟು ತಾಗಿದಲ್ಲಿ ಹುಲ್ಲು ನಿಂತೈತಿ, ದೂರದಾಗ ಮಲಗೈತಿ. ಹೌದಲ್ಲೋ?

ಒಂದು ಗುಂಡುಪಿನ್ ತಗೊಂಡು ಹಸಿ ಅಂಟಿನ ಮಧ್ಯಾನೇ ಚುಚ್ಚಿ ಅದಕ್ಕ ಕ್ಲಿಪ್ ಹಾಕ್ರಿ. ಅದರ ಸುತ್ತ ಒಂದು ಗೇಣು, ಅಷ್ಟ. ಮುಂದಕ್ಕ ಹೋದಂಗ ಪಿನ್ನೂ ಮುಂದಕ್ಕ ಹೋಗಬೇಕು. ಜಾಲರಿ ನೆಲದಿಂದ ಒಂದೆರಡು ಸೆಂ.ಮೀ. ಎತ್ತರ ಇರಲಿ. ಇನ್ನೂ ಕೆಳಗ ಇಳಿಸಿದ್ರ ಚಟ್ ಅಂತ ಕಿಡಿ ಹಾರ್ತೈತಿ, ಮ್ಯಾಲ ಎತ್ತಿದ್ರ ಎಳೆಗಳು ದಾರಿ ತಪ್ಪಿದ ದನದಂಗ ಎತ್ತೆತ್ತಲೋ ಹೋಗ್ತಾವು.

#6 ಲೂಪ್‌ಲೈನ್
ಸರ್, ಕೈ ಮುಗೀತೀನಿ. ಈಗ ಹೋಗಿ ನೋಡ್ಕೊಂಡು ಬಂದೆ. ಸ್ಕ್ರೂ ಸುತ್ತ ಸರಿಯಾಗಿ ಒಂದು ವೃತ್ತದಲ್ಲಿ ಮಾತ್ರ ಹುಲ್ಲು ಎದ್ದು ನಿಂತಿದೆ. ಎರಡು ವಾರದಿಂದ ದಿನಾ ನೋಡ್ತಿದ್ದೆ, ಅದು ವೃತ್ತ ಅಂತ ಹೊಳೀಲೇ ಇಲ್ಲ.

#7 ಹಳೇ ಪಾಯಿಂಟ್ಸ್‌ಮನ್
ಕ್ಲಿಪ್ ಒಂದೇ ಅಲ್ಲ, ಅಂಟಿನಲ್ಲೂ ದೋಷ ಇದೆ ಅನ್ಸುತ್ತೆ. ಪ್ಲಾಸ್ಟರ್ ನೀರು ಕುಡಿಯುತ್ತೆ. ನೀವು ನೀರು ನೀರಾಗಿ ಹಚ್ಚಿದ ಪಿವಿಎ ಅರ್ಧ ಅದರ ಹೊಟ್ಟೆಗೆ ಹೋಗಿರುತ್ತೆ, ಉಳಿದದ್ದಕ್ಕೆ ಮೇಲೆ ಕೆನೆ ಕಟ್ಟಿರುತ್ತೆ. ಬೇರೂರೋಕೆ ಜಾಗ ಇಲ್ಲದ ಮೇಲೆ ಎಳೆ ಮಲಗದೆ ಇನ್ನೇನು ಮಾಡುತ್ತೆ? ಮೊದಲು ಎರಡು ಕೈ ಬಣ್ಣ ಬಳಿದು ಪ್ಲಾಸ್ಟರ್‌ನ ರಂಧ್ರ ಮುಚ್ಚಿ. ಅಂಟಿನ ಹದ ಹೇಗಿರಬೇಕು ಅಂದ್ರೆ, ಬ್ರಷ್‌ನಿಂದ ಎಳೆದರೆ ಹರಡಬೇಕು, ಇಳಿಜಾರಿನಲ್ಲಿ ಬಿಟ್ಟರೆ ಹರಿಯಬಾರದು. ಒಂದು ತೊಟ್ಟು ಪಾತ್ರೆ ತೊಳೆಯೋ ಸೋಪು ಹಾಕಿದ್ರೆ ಗುಂಡಗೆ ಹನಿಗಟ್ಟೋದು ನಿಲ್ಲುತ್ತೆ. ಒಂದು ಸಲಕ್ಕೆ ಎರಡು ಅಂಗೈಯಷ್ಟು ಜಾಗ, ಅದಕ್ಕಿಂತ ಹೆಚ್ಚು ಹಚ್ಚಬೇಡಿ.

ಇನ್ನೊಂದು. ಹಸಿರು ಬಣ್ಣ ಯಾಕೆ ಬಳಿದ್ರಿ? ಹುಲ್ಲಿನ ಕೆಳಗೆ ಇರೋದು ಮಣ್ಣು.

#8 ಕಬ್ಬಿಣದ ಹಳಿ
ಅಂಟಿಗೆ ಒಂದು ಚಿಟಿಕೆ ಉಪ್ಪು ಹಾಕಿ, ಕರೆಂಟ್ ಚೆನ್ನಾಗಿ ಹರಿಯುತ್ತೆ. ನಾನು ಯಾವಾಗ್ಲೂ ಹಾಕ್ತೀನಿ.

#9 ಹಳೇ ಪಾಯಿಂಟ್ಸ್‌ಮನ್
ಹಳಿ ಪಕ್ಕದಲ್ಲಿ ಉಪ್ಪು ಬೇಡವೇ ಬೇಡ. ಮೊಳೆ, ಸ್ಕ್ರೂ, ಹಳಿ ಕೀಲು ಎಲ್ಲಾ ತುಕ್ಕು ಹಿಡಿಯುತ್ತೆ. ನಲ್ಲಿ ನೀರಲ್ಲಿ ಇರೋ ಲವಣವೇ ಸಾಕು.

#10 ಕಬ್ಬಿಣದ ಹಳಿ
ಆರು ವರ್ಷ ಆಯ್ತು, ನನ್ನದು ಏನೂ ಆಗಿಲ್ಲ.

#11 ಬಫರ್ ಸ್ಟಾಪ್
ಹೆಸರು ಕಬ್ಬಿಣದ ಹಳಿ, ಹವ್ಯಾಸ ಉಪ್ಪು. ಧೈರ್ಯ ಮೆಚ್ಚಬೇಕು.

#12 ಎನ್ ಗೇಜ್ ಪುಟ್ಟ
ಮಧ್ಯೆ ಬಾಯಿ ಹಾಕ್ತೀನಿ, ಕ್ಷಮಿಸಿ. ಮೆಷಿನ್ ದುಬಾರಿ ಅಂತ ಸೊಳ್ಳೆ ಬ್ಯಾಟ್ ಬಿಚ್ಚಿ ಸೋಸೋ ಜಾಲರಿಗೆ ಜೋಡಿಸ್ತಾರಲ್ಲ, ಅದು ನಿಜಕ್ಕೂ ಕೆಲಸ ಮಾಡುತ್ತಾ?

#13 ಸೋಲ್ಡರ್ ಹೊಗೆ
ಮಾಡ್ತೈತಿ, ಅರ್ಧಂಬರ್ಧ. ಸೊಳ್ಳೆ ಬ್ಯಾಟ್‌ನಾಗ ಬರೋದು ಕೆಲವು ಸಾವಿರ ವೋಲ್ಟ್. 2 ಮಿ.ಮೀ. ಎಳೆಗೆ ಹೆಂಗೋ ಸಾಕು, 6 ಮಿ.ಮೀ. ಎಳೆ ಎತ್ತಿ ನಿಲ್ಲಿಸೋ ತಾಕತ್ತು ಅದಕ್ಕಿಲ್ಲ. ಅಂಗಡಿ ಮೆಷಿನ್‌ಗಳಾಗ ಸಾಮಾನ್ಯವಾಗಿ 10,000 ದಿಂದ 20,000 ವೋಲ್ಟ್ ತನಕ ಇರ್ತೈತಿ. ಗಾಳಿ ಶುದ್ಧ ಮಾಡೋ ಐಯಾನ್ ಜನರೇಟರ್ ಮಾಡ್ಯೂಲ್ ಹಾಕಿದ್ರ ಬ್ಯಾಟ್‌ಗಿಂತ ಎಷ್ಟೋ ಬೇಸಿ.

ಎರಡು ಎಚ್ಚರಿಕೆ. ಸ್ವಿಚ್ ಆರಿಸಿದ ಮ್ಯಾಲೂ ಕೆಪಾಸಿಟರ್‌ನಾಗ ಚಾರ್ಜ್ ಉಳಿದಿರ್ತೈತಿ, ಕ್ಲಿಪ್ಪನ್ನ ಜಾಲರಿಗೆ ಮುಟ್ಟಿಸಿ ಇಳಿಸಿದ ಮ್ಯಾಲೇ ಕೈ ಹಾಕ್ರಿ. ಎದಿಯೊಳಗ ಪೇಸ್‌ಮೇಕರ್ ಇದ್ದವರು ಇಂಥ ಮೆಷಿನ್ ಮುಟ್ಟಬಾರದು. ಇದರಾಗ ತಮಾಷೆ ಇಲ್ಲ.

#14 ಗಾರ್ಡ್ ಡಬ್ಬಿ
ನಾನು ಬ್ಯಾಟ್ ಮಾಡಿದ್ದೆ ಮಾರಾಯ್ರೆ. ಹುಲ್ಲು ನಿಲ್ಲಲಿಲ್ಲ, ನನ್ನ ಕೈಯ ಕೂದಲು ಮಾತ್ರ ಚಂದ ನಿಂತಿತು.

ಮತ್ತೆ ಒಂದು ವಿಷಯ ಯಾರೂ ಹೇಳಲಿಲ್ಲ. ಮೆಷಿನ್ ಹಿಡಿಯುವ ಮೊದಲು ಎಂಜಿನ್ ಎಲ್ಲ ಲೇಔಟ್‌ನಿಂದ ಎತ್ತಿ ಬೇರೆ ಕೋಣೆಯಲ್ಲಿಡಿ, ಕಂಟ್ರೋಲರ್ ವೈರ್ ಕಳಚಿಡಿ. ನಾನು ಹುಲ್ಲು ಹಾಕಿದ ದಿನ ಹಳಿ ಮೇಲೆ ನಿಂತಿದ್ದ ಎಂಜಿನ್ನಿನ ಡಿಕೋಡರ್ (ಕಂಟ್ರೋಲರ್ ಹೇಳಿದ್ದು ಕೇಳುವ ಒಳಗಿನ ಚಿಪ್) ಮರುದಿನ ಏಳಲಿಲ್ಲ. ಅದರಿಂದಲೇ ಹೋಯಿತು ಅಂತ ಆಣೆ ಹಾಕುವುದಿಲ್ಲ, ಆದರೆ ಮತ್ತೆ ಪರೀಕ್ಷೆ ಮಾಡುವ ಆಸೆಯೂ ಇಲ್ಲ. ಹಳಿಗೆ ಮಾಸ್ಕಿಂಗ್ ಟೇಪ್ ಹಚ್ಚಿ. ಪಾಯಿಂಟ್ ಬ್ಲೇಡ್ ಸಂದಿಗೆ ಒಂದು ಎಳೆ ಹೋದರೂ ಪಾಯಿಂಟ್ ಪೂರ್ತಿ ಕೂರುವುದಿಲ್ಲ. ಗಾಲಿಯ ಅಚ್ಚಿಗೆ ಸುತ್ತಿಕೊಂಡರಂತೂ ಚಿಮಟದಲ್ಲಿ ಹಿಡಿದು ಒಂದೊಂದೇ ಎಳೆಯಬೇಕು. ನೈಲಾನ್ ನೋಡಿ, ಆಯಸ್ಕಾಂತಕ್ಕೂ ಬರುವುದಿಲ್ಲ.

#15 ಲೂಪ್‌ಲೈನ್
ಅಯ್ಯೋ, ಟೇಪ್ ಹಾಕಿರ್ಲಿಲ್ಲ. ಗೂಡ್ಸ್ ಎಂಜಿನ್ ಮೊನ್ನೆಯಿಂದ ಕುಯ್ಯೋ ಅಂತಿದೆ. ಅದೇ ಇರಬೇಕು.

#16 ಗಾರ್ಡ್ ಡಬ್ಬಿ
ಅದೇ. ಓಡಿಸುವುದು ನಿಲ್ಲಿಸಿ, ತಳ ಬಿಚ್ಚಿ ನೋಡಿ. ಗೇರ್ ಮೇಲೆ ಹಸಿರು ಮೀಸೆ ಸಿಗುತ್ತದೆ.

#17 ಹಸಿರು ಬಾವುಟ
ಮೆಷಿನ್ ಚರ್ಚೆ ಮುಗಿದಿದ್ರೆ ಎರಡನೇ ಪ್ರಶ್ನೆಗೆ ಬರ್ತೀನಿ. ನನಗೆ ಅದೇ ಮುಖ್ಯ. ಹುಲ್ಲು ನೆಟ್ಟಗೆ ನಿಂತ ಮಾತ್ರಕ್ಕೆ ಹುಲ್ಲುಗಾವಲು ಆಗಲ್ಲ.

ಮೊದಲು ಉದ್ದದ ಲೆಕ್ಕ. ಎಚ್‌ಒ ಅಂದ್ರೆ 1:87. ನಿಮ್ಮ 4 ಮಿ.ಮೀ. ಎಳೆ ನಿಜ ಲೋಕದಲ್ಲಿ ಸುಮಾರು 35 ಸೆಂ.ಮೀ. ಎತ್ತರ. ಅಂದ್ರೆ ಯಾರೂ ಕೊಯ್ಯದೆ, ಯಾವ ದನವೂ ಮೇಯದೆ ಬೆಳೆದ ಹುಲ್ಲು. 6 ಮಿ.ಮೀ. ಆದ್ರೆ ಅರ್ಧ ಮೀಟರ್ ದಾಟುತ್ತೆ, 12 ಮಿ.ಮೀ. ಒಂದು ಮೀಟರ್‌ಗಿಂತ ಜಾಸ್ತಿ, ಮಗು ಮುಳುಗೋವಷ್ಟು. 1 ಮಿ.ಮೀ. ಎಳೆ ಕೂಡ ಸುಮಾರು 9 ಸೆಂ.ಮೀ. ಆಗುತ್ತೆ. ಹಾಗಾಗಿ ಕತ್ತರಿಸಿದ ಲಾನ್ ಬೇಕು ಅಂದ್ರೆ ಎಳೆ ಬೇಡ, ನುಣ್ಣಗೆ ಪುಡಿ ಮಾಡಿದ ಫೋಮ್ ಸಾಕು. ಸ್ಟೇಷನ್ ಮಾಸ್ಟರ್ ಮನೆ ಅಂಗಳಕ್ಕೂ ಗುಡ್ಡಕ್ಕೂ ಒಂದೇ 4 ಮಿ.ಮೀ. ಹಾಕಿದ್ರೆ ಮೈದಾನ ಆಗದೆ ಇನ್ನೇನಾಗುತ್ತೆ?

ಆಮೇಲೆ ಬಣ್ಣ. ಪೊಟ್ಟಣದ ಮೇಲೆ 'ಬೇಸಿಗೆ ಹಸಿರು' ಅಂತ ಇರೋದನ್ನ ನೇರ ಸುರೀಬೇಡಿ. ಯಾವ ಬಯಲನ್ನಾದ್ರೂ ಹತ್ತಿರದಿಂದ ನೋಡಿ, ಅದರಲ್ಲಿ ಅರ್ಧಕ್ಕರ್ಧ ಒಣಗಿದ ಎಳೆ ಇರುತ್ತೆ. ಕಳೆದ ಋತುವಿನ ಹುಲ್ಲು ಬುಡದಲ್ಲಿ ಒಣಗಿ ನಿಂತಿರುತ್ತೆ, ಹೊಸದು ಅದರ ನಡುವೆ ತಲೆ ಎತ್ತಿರುತ್ತೆ. ನಾನು ಮೂರು ನಾಲ್ಕು ಬಣ್ಣ ಕಲಸ್ತೀನಿ, ಅದರಲ್ಲಿ ಒಣಹುಲ್ಲಿನ ಬಣ್ಣದ್ದೇ ಹೆಚ್ಚು. ಆದ್ರೆ ಕಲಸಿದ ಮಿಶ್ರಣಾನೂ ಎಲ್ಲ ಕಡೆ ಒಂದೇ ಆಗಬಾರದು, ಪ್ರತಿ ತೇಪೆಗೂ ಸ್ವಲ್ಪ ಬದಲಾಗ್ಬೇಕು.

#18 ಕಬ್ಬಿಣದ ಹಳಿ
ಮೇಡಂ ಹೇಳಿದ್ದು ಸರಿ. ನಾನೊಂದು ಉಪಾಯ ಮಾಡ್ತೀನಿ: ಲೇಔಟ್ ಫೋಟೋ ತೆಗೆದು ಮೊಬೈಲ್‌ನಲ್ಲೇ ಕಪ್ಪು-ಬಿಳುಪು ಮಾಡಿ ನೋಡ್ತೀನಿ. ಇಡೀ ಗುಡ್ಡ ಒಂದೇ ಬೂದು ಬಣ್ಣವಾಗಿ ಕಂಡ್ರೆ ನೀವು ಎಷ್ಟು ಪೊಟ್ಟಣ ಕಲಸಿದ್ರೂ ಪ್ರಯೋಜನ ಆಗಿಲ್ಲ ಅಂತ. ಕಡು, ತಿಳಿ ಎರಡೂ ಕಾಣಬೇಕು.

#19 ಲೂಪ್‌ಲೈನ್
ಮಾಡಿ ನೋಡಿದೆ. ಸಿಮೆಂಟ್ ಚಪ್ಪಡಿ ಥರ ಒಂದೇ ಬೂದು.

#20 ಹಳೇ ಪಾಯಿಂಟ್ಸ್‌ಮನ್
ಪದರದ ವಿಷಯ ಸೇರಿಸ್ತೀನಿ. ಮೊದಲು ಮಣ್ಣಿನ ಬಣ್ಣ, ಅದರ ಮೇಲೆ ಅಲ್ಲಲ್ಲಿ ನಿಜವಾದ ಜರಡಿ ಮಣ್ಣು. ಆಮೇಲೆ 2 ಮಿ.ಮೀ. ಕಡು ಬಣ್ಣದ ಎಳೆ. ಅದು ಪೂರ್ತಿ ಒಣಗಲಿ, ಒಂದು ರಾತ್ರಿ ಬಿಡಿ. ಹೆಚ್ಚಾದ ಎಳೆಯನ್ನ ವ್ಯಾಕ್ಯೂಮ್‌ನಿಂದ ಎಳೀರಿ. ಮೂತಿಗೆ ಹಳೇ ನೈಲಾನ್ ಸಾಕ್ಸ್ ಕಟ್ಟಿದ್ರೆ ಎಳೆಗಳು ಅದರಲ್ಲೇ ನಿಲ್ಲುತ್ತವೆ, ಮತ್ತೆ ಬಳಸಬಹುದು. ಆಮೇಲೆ ಸ್ಪ್ರೇ ಅಂಟನ್ನೋ ಹೇರ್ ಸ್ಪ್ರೇಯನ್ನೋ ದೂರದಿಂದ ಹಗುರಾಗಿ ಹೊಡೆದು ಮೇಲೆ 4 ಮಿ.ಮೀ. ತಿಳಿ ಬಣ್ಣದ್ದನ್ನ ಚೆಲ್ಲಿ. ಅದು ಕೆಳಗಿನ ಎಳೆಗಳ ತುದಿಗೆ ಹತ್ತುತ್ತೆ. ಬುಡ ಕಪ್ಪು, ತುದಿ ತಿಳಿ, ಆಗ ಆಳ ಬರುತ್ತೆ. ಎರಡನೇ ಪದರ ಎಲ್ಲ ಕಡೆ ಬೇಡ. ಅಲ್ಲಲ್ಲಿ ಮಣ್ಣೂ ಕಾಣಲಿ.

ನಾವು ಶುರು ಮಾಡಿದಾಗ ಇದ್ಯಾವುದೂ ಇರಲಿಲ್ಲ. ಬಣ್ಣ ಹಾಕಿದ ಮರದ ಹೊಟ್ಟೇ ಹುಲ್ಲು. ಸ್ವಲ್ಪ ಆಸೆ ಇದ್ದವರು ಆಸ್ಪತ್ರೆಯ ಲಿಂಟ್ ಬಟ್ಟೆಗೆ ಬಣ್ಣ ಕಟ್ಟಿ, ಜುಂಗಿನ ಮೈ ಕೆಳಗೆ ಬರೋ ಹಾಗೆ ಅಂಟಿಸಿ, ಒಣಗಿದ ಮೇಲೆ ಬಟ್ಟೆಯನ್ನ ಚರ್ರನೆ ಕಿತ್ತರೆ ಜುಂಗು ಮಾತ್ರ ಅಂಟಿನಲ್ಲಿ ಉಳೀತಿತ್ತು. ಆ ಕೀಳೋ ಶಬ್ದ ಇದೆಯಲ್ಲ, ಅದಕ್ಕೇ ಅರ್ಧ ಲೇಔಟ್ ಮಾಡಿದ್ದೀನಿ ಅನ್ನಬೇಕು.

#21 ಎನ್ ಗೇಜ್ ಪುಟ್ಟ
ಗೊಂಬೆ ಕರಡಿಯ ತುಪ್ಪಳದ ಬಟ್ಟೆ ಹಾಕ್ತಾರಂತಲ್ಲ ಗುರುಗಳೇ?

#22 ಹಳೇ ಪಾಯಿಂಟ್ಸ್‌ಮನ್
ಹಾಕ್ತಾರೆ, ಬಲು ಚೆನ್ನಾಗಿ ಬರುತ್ತೆ. ದೊಡ್ಡ ಗೋಮಾಳ, ಆಳೆತ್ತರದ ಒಣಹುಲ್ಲು ಬೇಕಾದ್ರೆ ಅದಕ್ಕಿಂತ ಬೇಗ ಆಗೋದು ಇನ್ನೊಂದಿಲ್ಲ. ತಿಳಿ ಕಂದು ಬಣ್ಣದ ಬಟ್ಟೆ ತಗೊಂಡು, ತೆಳು ಅಕ್ರಿಲಿಕ್ ಬಣ್ಣ ಬ್ರಷ್‌ನಿಂದ ಹಚ್ಚಿ, ಒಣಗೋ ಮೊದಲೇ ಬಾಚಿ, ಆಮೇಲೆ ಟ್ರಿಮ್ಮರ್‌ನಿಂದ ಒರಟೊರಟಾಗಿ ಕತ್ತರಿಸಬೇಕು. ಅಂಚು ಮಾತ್ರ ಮರೆಸಬೇಕು, ಇಲ್ಲಾಂದ್ರೆ ವಿಗ್ ಇಟ್ಟ ಹಾಗಿರುತ್ತೆ. ನಿನ್ನ ಎನ್ ಗೇಜ್‌ನ 1:160 ಸ್ಕೇಲಿಗೆ ಕಷ್ಟ ಪುಟ್ಟ, ಎಷ್ಟು ಕತ್ತರಿಸಿದ್ರೂ ಕಾಡಾಗಿಬಿಡುತ್ತೆ. ನಿನಗೆ 4 ಮಿ.ಮೀ. ಎಳೆ ಅಂದ್ರೇ 64 ಸೆಂ.ಮೀ. 1, 2 ಮಿ.ಮೀ.ಗೇ ಇರು.

#23 ಬಫರ್ ಸ್ಟಾಪ್
ಯಾರ ಮನೆಯಲ್ಲೋ ಒಂದು ಬೋಳು ಕರಡಿ ಅಳ್ತಾ ಕೂತಿದೆ.

#24 ಎನ್ ಗೇಜ್ ಪುಟ್ಟ
ನನ್ನದೊಂದು ಉಪಾಯ. ಬೇಕಿಂಗ್ ಪೇಪರ್ ಮೇಲೆ ಅಂಟಿನ ಹನಿ ಇಟ್ಟು, ಅದರ ಮೇಲೆ ಎಳೆ ಹಾರಿಸಿ ಒಣಗಿಸಿದ್ರೆ ಮನೇಲೇ ಹುಲ್ಲಿನ ಗೊಂಚಲು ರೆಡಿ. ಕಿತ್ತು ಬೇಕಾದ ಕಡೆ ಅಂಟಿಸೋದು. ಕಾಗದದ ಕೆಳಗೆ ಲೋಹದ ತಟ್ಟೆ ಇಟ್ಟು ಅದಕ್ಕೆ ಕ್ಲಿಪ್ ಹಾಕಿದ್ರೆ ಆಯ್ತು. ಎಲ್ಲಿ ಅಂಟಿಸೋದು ಅಂತ ಗೊತ್ತಾಗದಿದ್ರೆ ನಾನು ಹತ್ತು ಸಣ್ಣ ಕಲ್ಲು ಲೇಔಟ್ ಮೇಲೆ ಎಸೀತೀನಿ, ಬಿದ್ದ ಕಡೆ ಗೊಂಚಲು. ನೈಸರ್ಗಿಕವಾಗಿ ಬರುತ್ತೆ.

#25 ಹಸಿರು ಬಾವುಟ
ಪುಟ್ಟ, ಗೊಂಚಲು ಸರಿ, ಕಲ್ಲು ಎಸೆಯೋದು ತಪ್ಪು. ಇದೊಂದು ವಿಷಯಕ್ಕೆ ನಾನು ಜಗಳಕ್ಕೇ ನಿಲ್ತೀನಿ.

ಹುಲ್ಲು ಎಲ್ಲೆಂದರಲ್ಲಿ ಹುಟ್ಟಲ್ಲ. ನೀರು ನಿಲ್ಲೋ ಕಡೆ ದಪ್ಪ, ಕಾಲು ತುಳಿಯೋ ಕಡೆ ಬೋಳು, ಗೋಡೆಯ ನೆರಳಲ್ಲಿ ಕಡು ಹಸಿರು, ದಿಬ್ಬದ ನೆತ್ತಿಯಲ್ಲಿ ಒಣ. ಬೇಲಿ ಕಂಬದ ಬುಡ, ಸಿಗ್ನಲ್ ಕಂಬದ ಬುಡ, ಹಳೇ ಸ್ಲೀಪರ್ (ಹಳಿಯಡಿ ಹಾಕೋ ದಿಮ್ಮಿ) ರಾಶಿಯ ಸುತ್ತ ಎತ್ತರಕ್ಕೆ ಬೆಳೆಯುತ್ತೆ, ಯಾಕಂದ್ರೆ ಕೊಯ್ಯುವವನ ಕತ್ತಿ ಅಲ್ಲಿಗೆ ಹೋಗಲ್ಲ. ಹಳಿ ನೋಡಿಕೊಳ್ಳೋ ಗ್ಯಾಂಗ್‌ನವರು ದಿನಾ ನಡೆಯೋ ಹಳಿ ಪಕ್ಕದ ದಾರಿಯಲ್ಲಿ ಒಂದೆಳೆಯೂ ಇರಲ್ಲ. ಓಡುವ ಮುಖ್ಯ ಲೈನಿನ ಜಲ್ಲಿ ಸ್ವಚ್ಛ, ಪಕ್ಕದ ಪಾಳುಬಿದ್ದ ಸೈಡಿಂಗ್‌ನಲ್ಲಿ ಸ್ಲೀಪರ್ ನಡುವೆ ಮೊಣಕಾಲುದ್ದ ಕಳೆ. ಎರಡನ್ನೂ ಅಕ್ಕಪಕ್ಕ ಮಾಡಿ ನೋಡಿ, ಯಾವ ಲೈನಲ್ಲಿ ರೈಲು ಓಡುತ್ತೆ ಅಂತ ರೈಲೇ ಇಲ್ಲದೆ ಗೊತ್ತಾಗುತ್ತೆ. ಪ್ರತಿ ಗೊಂಚಲು ಇಡೋವಾಗ 'ಇದು ಇಲ್ಲೇ ಯಾಕೆ' ಅಂತ ಒಂದು ಸಲ ಕೇಳ್ಕೊಳ್ಳಿ. ಕಲ್ಲು ಕೇಳ್ಕೊಳ್ಳಲ್ಲ.

#26 ಎನ್ ಗೇಜ್ ಪುಟ್ಟ
ಮೇಡಂ, ನಮ್ಮ ಲೇಔಟ್ ನೋಡೋಕೆ ಬರೋರು ರೈಲು ನೋಡ್ತಾರೆ, ಹುಲ್ಲಿನ ಜಾತಕ ನೋಡಲ್ಲ.

#27 ಹಸಿರು ಬಾವುಟ
ಜಾತಕ ನೋಡಲ್ಲ, ನಿಜ. ಆದ್ರೆ 'ಏನೋ ಸರಿಯಿಲ್ಲ' ಅಂತ ಅನ್ಸುತ್ತಲ್ಲ, ಅದು ಇದೇ. ಲೂಪ್‌ಲೈನ್ ಅವರ ಮಗಳಿಗೆ ಅನ್ಸಿದ್ದು ನೋಡಿ.

#28 ಹಳೇ ಪಾಯಿಂಟ್ಸ್‌ಮನ್
ಲೂಪ್‌ಲೈನ್, ನಿಮ್ಮದು ಯಾವ ಕಾಲದ ರೈಲು? ಉಗಿಯೋ ಡೀಸೆಲ್ಲೋ?

#29 ಲೂಪ್‌ಲೈನ್
ಉಗಿ ಸರ್. ಬ್ರಿಟಿಷ್ ಬ್ರಾಂಚ್ ಲೈನ್, 1930ರ ಆಸುಪಾಸು. ಎಚ್‌ಒ ಯಾಕೆ, ಬ್ರಿಟಿಷ್ ಅಂದ್ರೆ ಓಓ ಸ್ಕೇಲ್ (1:76) ಅಲ್ವಾ ಅಂತ ಕೇಳ್ಬೇಡಿ, ಕೊಂಡು ಆಗಿದೆ.

#30 ಹಳೇ ಪಾಯಿಂಟ್ಸ್‌ಮನ್
ಕೇಳಲ್ಲ. ಆದ್ರೆ ಕಾಲ ಮುಖ್ಯ. ಉಗಿ ಎಂಜಿನ್ ಕಿಡಿ ಉಗುಳುತ್ತೆ. ಬೇಸಿಗೆಯಲ್ಲಿ ಒಣಹುಲ್ಲಿಗೆ ಬೆಂಕಿ ಹತ್ತಿ ಪಕ್ಕದ ಹೊಲಕ್ಕೆ ಹರಡಬಾರದು ಅಂತ ಗ್ಯಾಂಗ್‌ನವರು ಹಳಿ ಪಕ್ಕದ ಇಳಿಜಾರಿನ ಹುಲ್ಲನ್ನ ಕೊಯ್ದು, ಕೆಲವು ಕಡೆ ತಾವೇ ಸುಟ್ಟು ಗಿಡ್ಡಗೆ ಇಡ್ತಿದ್ರು. ಆ ಕಾಲದ ಫೋಟೋ ನೋಡಿ, ಇಳಿಜಾರು ಕ್ಷೌರ ಮಾಡಿದ ಹಾಗಿದೆ. ಬ್ರಿಟನ್‌ನಲ್ಲಿ ಮುಖ್ಯ ಲೈನ್‌ಗಳ ಉಗಿ 1968ರಲ್ಲಿ ಮುಗೀತು. ಆಮೇಲೆ ಕೊಯ್ಯೋ ಕಾರಣಾನೂ ಹೋಯ್ತು, ಗ್ಯಾಂಗೂ ಕರಗಿತು, ಪೊದೆ ಮರ ಎಲ್ಲ ಹಳಿ ಅಂಚಿಗೇ ಬಂದವು. ಇವತ್ತಿನ ರೈಲಿನ ಕಿಟಕಿಯಲ್ಲಿ ಕಂಡ ಪೊದೆಯನ್ನ ತಂದು 1930ರ ಲೇಔಟ್‌ನಲ್ಲಿ ನೆಡೋರೇ ಹೆಚ್ಚು.

ಹಾಗಾಗಿ ನಿಮ್ಮ ಹಳಿ ಪಕ್ಕದ ಇಳಿಜಾರಿಗೆ 4 ಮಿ.ಮೀ. ಬೇಡ, 1, 2 ಸಾಕು. ಬೇಲಿ ಆಚೆ ಬೇಕಾದ್ರೆ ಎತ್ತರ ಬೆಳೀಲಿ. ಒಂದು ಕಡೆ ಸುಟ್ಟ ತೇಪೆ ಮಾಡಿ. ಗಿಡ್ಡ ಕಂದು ಎಳೆ, ಮೇಲೆ ಕಪ್ಪು ಪೇಸ್ಟಲ್ ಪುಡಿ, ಅಂಚಿನಲ್ಲಿ ಚಿಗುರಿದ ಎರಡು ತಿಳಿ ಹಸಿರು ಎಳೆ.

#31 ಹಸಿರು ಬಾವುಟ
ಇದು ನನಗೂ ಹೊಳೆದಿರಲಿಲ್ಲ. ಮೊಣಕಾಲುದ್ದ ಕಳೆ ಅಂತ ನಾನು ಬರೆದದ್ದನ್ನ ಪಾಳು ಸೈಡಿಂಗ್‌ಗೆ ಮಾತ್ರ ಇಟ್ಕೊಳ್ಳಿ.

ಬ್ರಿಟನ್ ಅಂದ ಮೇಲೆ ಒಂದು ಹಳದಿ ಹೂವು ಹಾಕಲೇಬೇಕು: ಆಕ್ಸ್‌ಫರ್ಡ್ ರ‍್ಯಾಗ್‌ವರ್ಟ್. ಸಿಸಿಲಿಯ ಎಟ್ನಾ ಜ್ವಾಲಾಮುಖಿಯ ಸೀಮೆಯಿಂದ ಬಂದು ಆಕ್ಸ್‌ಫರ್ಡಿನ ಸಸ್ಯೋದ್ಯಾನದಲ್ಲಿದ್ದ ಗಿಡ. ಅಲ್ಲಿಂದ ಗೋಡೆ ಹಾರಿ ಊರಿನ ಕಲ್ಲು ಸಂದಿಗಳಲ್ಲಿ ಬೆಳೀತಿತ್ತು. 1844ರಲ್ಲಿ ಆಕ್ಸ್‌ಫರ್ಡಿಗೆ ರೈಲು ಬಂತು. ಹಳಿಗೆ ಹಾಸಿದ ಕಿಟ್ಟ, ಜಲ್ಲಿ ಅದಕ್ಕೆ ತವರಿನ ಲಾವಾ ಬೂದಿಯ ಹಾಗೇ ಕಂಡಿರಬೇಕು. ರೈಲಿನ ಗಾಳಿಗೆ ಬೀಜ ಹಾರ್ತಾ ಹಾರ್ತಾ ದೇಶ ತುಂಬಾ ಹರಡ್ತು. ಡ್ರೂಸ್ ಅನ್ನೋ ಸಸ್ಯಶಾಸ್ತ್ರಜ್ಞ ಅದರ ಬೀಜ ಆಕ್ಸ್‌ಫರ್ಡಿನಲ್ಲಿ ಬೋಗಿಯ ಒಳಗೆ ತೇಲಿಬಂದು ಟೈಲ್‌ಹರ್ಸ್ಟ್ ಸ್ಟೇಷನ್‌ನಲ್ಲಿ ಆಚೆ ಹೋಗಿದ್ದನ್ನ ಬರೆದಿಟ್ಟಿದ್ದಾರೆ. ಟಿಕೆಟ್ ಇಲ್ಲದ ಪ್ರಯಾಣಿಕ! ಗಿಡ್ಡ ಗೊಂಚಲಿನ ತುದಿಗೆ ಅಂಟು ಮುಟ್ಟಿಸಿ ಹಳದಿ ಫೋಮ್ ಪುಡಿಯಲ್ಲಿ ಅದ್ದಿದ್ರೆ ಆಯ್ತು. ಜಲ್ಲಿ ಅಂಚಲ್ಲಿ ಐದಾರು, ಜಾಸ್ತಿ ಬೇಡ.

#32 ಗಾರ್ಡ್ ಡಬ್ಬಿ
ಈ ಕಥೆ ಚಂದ ಉಂಟು. ಹುಲ್ಲಿನ ಜಾತಕ ಬೇಡ ಅಂದವರು ಎಲ್ಲಿ?

#33 ಎನ್ ಗೇಜ್ ಪುಟ್ಟ
ಇಲ್ಲೇ ಇದ್ದೀನಿ, ಹಳದಿ ಫೋಮ್ ಹುಡುಕ್ತಿದ್ದೀನಿ.

#34 ಲೂಪ್‌ಲೈನ್
ಇಷ್ಟು ಉತ್ತರ ಬರುತ್ತೆ ಅಂತ ಅಂದ್ಕೊಂಡಿರ್ಲಿಲ್ಲ. ಮೂರನೇ ಪ್ರಶ್ನೆ ಹಾಗೇ ಉಳಿದಿದೆ, ಮರದ ಬುಡದ ಪೊದೆ.

#35 ಗಾರ್ಡ್ ಡಬ್ಬಿ
ಪೊದೆ ನನ್ನ ವಿಭಾಗ. ಸ್ಪಂಜ್ ಚೂರು ಯಾಕೆ ಸ್ಪಂಜ್ ಚೂರಿನ ಹಾಗೆ ಕಾಣುತ್ತದೆ ಅಂದರೆ ಅದರ ಒಳಗೆ ಬೆಳಕು ಹೋಗುವುದಿಲ್ಲ. ನಿಜವಾದ ಪೊದೆಯಲ್ಲಿ ಕಡ್ಡಿ ಜಾಸ್ತಿ, ಎಲೆ ಕಡಿಮೆ, ಆಚೆ ಬದಿ ಅಲ್ಲಲ್ಲಿ ಕಾಣುತ್ತದೆ.

ಹಾಸಿಗೆಯೊಳಗೆ ಹಾಕುವ ರಬ್ಬರ್ ಬೆರೆಸಿದ ತೆಂಗಿನ ನಾರಿನ ಹಾಳೆ ಉಂಟಲ್ಲ, ಅದರ ಒಂದು ತುಂಡು ಸಾಕು, ಜನ್ಮಕ್ಕಾಗುವಷ್ಟು ಪೊದೆ. ಕುದುರೆ ಕೂದಲಿನದ್ದು ಸಿಕ್ಕಿದರೆ ಇನ್ನೂ ಸಪೂರ. ಬೆರಳಲ್ಲಿ ಹಿಂಜಿ, ಹಿಂಜಿ, ಇನ್ನೂ ಹಿಂಜಿ. ಅದರ ಹಿಂದೆ ಬೆರಳಿಟ್ಟರೆ ಬೆರಳು ಕಾಣಬೇಕು, ಅಲ್ಲಿವರೆಗೆ. ನಂತರ ಕಡು ಕಂದು ಬಣ್ಣ ಸ್ಪ್ರೇ ಮಾಡಿ ಒಣಗಿಸಿ, ಹೇರ್ ಸ್ಪ್ರೇ ಹೊಡೆದು ನುಣ್ಣನೆ ಫೋಮ್ ಪುಡಿ ಮೇಲಿನಿಂದ ಮಾತ್ರ ಉದುರಿಸಿ. ಬೆಳಕು ಬೀಳುವ ಕಡೆ ಎಲೆ, ಕೆಳಗೆ ಬರೀ ಕಡ್ಡಿ. ಮುಳ್ಳುಪೊದೆ ಬೇಕಾದರೆ ಬೇಲಿ ಮೇಲೆ ಸ್ವಲ್ಪ ಜೋಲುಬಿಡಿ.

ಮತ್ತೆ ಕಾಡಿನ ಒಳಗೆ ಪೊದೆ ತುಂಬಿಸಬೇಡಿ. ಬೆಳಕು ಇರುವುದು ಕಾಡಿನ ಅಂಚಲ್ಲಿ, ಪೊದೆಯೂ ಅಲ್ಲೇ ದಟ್ಟ. ಮರಗಳ ತಲೆ ಕೂಡಿಕೊಂಡ ಜಾಗದಲ್ಲಿ ನೆಲ ಕತ್ತಲೆ, ತರಗೆಲೆ ಮಾತ್ರ. ಅಂಚಿಗೆ ಪೊದೆ, ಒಳಗೆ ತರಗೆಲೆ ಅಂತ ಮಾಡಿದರೆ ಸಾಮಾನೂ ಉಳಿಯುತ್ತದೆ, ಆಳವೂ ಬರುತ್ತದೆ.

#36 ಕಬ್ಬಿಣದ ಹಳಿ
ತರಗೆಲೆಗೆ ಒಣಗಿದ ಎಲೆಯನ್ನ ಮಿಕ್ಸಿಗೆ ಹಾಕಿ ಪುಡಿ ಮಾಡಿ ಜರಡಿ ಹಿಡೀರಿ. ಬರ್ಚ್ ಮರದ ಬೀಜದ ಗೊಂಚಲು ಸಿಕ್ಕಿದ್ರಂತೂ ಬೇರೇನೂ ಬೇಡ. ಉಜ್ಜಿದ್ರೆ ಸಣ್ಣ ಸಣ್ಣ ಪೊರೆ ಉದುರುತ್ತೆ, ಒಂದೊಂದೂ ಮೂರು ಮೂಲೆಯ ಎಲೆಯ ಆಕಾರ.

#37 ಬಫರ್ ಸ್ಟಾಪ್
ಮಿಕ್ಸಿ ಯಾರದ್ದು ಅನ್ನೋದನ್ನ ಮೊದಲು ತೀರ್ಮಾನ ಮಾಡ್ಕೊಳ್ಳಿ. ನಾನು ಸ್ಪಂಜಿಗೆ ಹಸಿರು ಬಣ್ಣ ಸೇರಿಸಿ ಅಡುಗೆಮನೆಯ ಮಿಕ್ಸಿಯಲ್ಲಿ ತಿರುಗಿಸಿದ್ದೆ. ಫೋಮ್ ಚೆನ್ನಾಗಿ ಬಂತು. ಮಿಕ್ಸಿ ಈಗ ನನ್ನ ಶೆಡ್‌ನಲ್ಲಿದೆ. ಸ್ವಲ್ಪ ದಿನ ನಾನೂ ಅಲ್ಲೇ ಇದ್ದೆ.

#38 ಸೋಲ್ಡರ್ ಹೊಗೆ
ಗಿಡದ ಸಾಮಾನು ತರೋರು ಚಲೋತ್ನಾಗಿ ಒಣಗಿಸಿ ತರ್ರಿ. ಓವನ್‌ನಾಗ ಕಡಿಮೆ ಶಾಖಕ್ಕ ಒಂದಿಷ್ಟು ಹೊತ್ತು ಇಟ್ರ ಒಳಗಿನ ಹುಳ ಸಾಯ್ತಾವು. ನನ್ನ ಗೆಳೆಯ ಬಳಸಿದ ಚಹಾಪುಡಿ ಅರೆ ಒಣಗಿಸಿ ನೆಲಕ್ಕ ಹಾಕಿದ್ದ. ಮೂರು ವಾರಕ್ಕ ಬೂಷ್ಟು ಬಂತು. ಬಂದವರೆಲ್ಲ "ಹಿಮ ಭಾಳ ಚಂದ ಮಾಡೀರಿ" ಅಂತಿದ್ರು.

#39 ಹಸಿರು ಬಾವುಟ
ನಿಜವಾದ ಪಾಚಿ, ಕಲ್ಲುಹೂವು ಕೂಡ ಹಾಗೇ. ತಂದ ದಿನ ಚೆಂದ, ಒಣಗಿದ ಮೇಲೆ ಮುಟ್ಟಿದ್ರೆ ಪುಡಿ, ಬಣ್ಣಾನೂ ನಿಲ್ಲಲ್ಲ. ಗ್ಲಿಸರಿನ್‌ನಲ್ಲಿ ನೆನೆಸಿದ್ದು ಮೆತ್ತಗೆ ಉಳಿಯುತ್ತೆ. ದಿನವಿಡೀ ಬಿಸಿಲು ಬೀಳೋ ಕಿಟಕಿ ಪಕ್ಕ ಲೇಔಟ್ ಇದ್ರೆ ಪರದೆ ಹಾಕಿ.

ಬೆಳಕು ಅಂದಾಗ ನೆನಪಾಯ್ತು: ಬಣ್ಣ ಕಲಸೋದನ್ನ ಲೇಔಟ್ ಮೇಲಿನ ದೀಪದ ಕೆಳಗೇ ಮಾಡಿ. ಕಿಟಕಿ ಬೆಳಕಲ್ಲಿ ಕಲಸಿದ್ದು ಹಳದಿ ಎಲ್‌ಇಡಿ ಕೆಳಗೆ ಬೇರೆಯೇ ಆಗಿರುತ್ತೆ. ಹಿಂದಿನ ಗುಡ್ಡಕ್ಕೆ ಇನ್ನೂ ಗಿಡ್ಡ, ಇನ್ನೂ ಮಂಕು, ಸ್ವಲ್ಪ ನೀಲಿ ಬೂದು ಛಾಯೆ. ಮೂರಡಿ ಮುನ್ನೂರಡಿ ಆಗುತ್ತೆ.

#40 ಕಬ್ಬಿಣದ ಹಳಿ
ಹವೆ ನೋಡ್ಕೊಂಡು ಕೆಲಸ ಮಾಡಿ ಅಂತಾನೂ ಸೇರಿಸಿ. ತೇವ ಇದ್ದ ದಿನ ಎಳೆ ಮುದ್ದೆ ಮುದ್ದೆಯಾಗಿ ಬೀಳುತ್ತೆ. ಪೊಟ್ಟಣ ಬಿಚ್ಚಿ ಹೇರ್ ಡ್ರೈಯರ್ ತೋರಿಸಿ, ಜಾಲರಿ ಕಾಲು ಭಾಗಕ್ಕಿಂತ ಹೆಚ್ಚು ತುಂಬಬೇಡಿ.

#41 ಸೋಲ್ಡರ್ ಹೊಗೆ
ಹಂಗಂತ ಸುಡುಸುಡು ಒಣಗಿಸಬ್ಯಾಡ್ರಿ. ಎಳೆ ಮ್ಯಾಲ ಒಂದು ಲೇಪ ಇರ್ತೈತಿ, ಚಾರ್ಜ್ ಹಿಡಿಯಾಕ ಅದಕ್ಕ ಚೂರು ತೇವ ಬೇಕ. ತೀರಾ ಒಣ ಹವೆಯಾಗೂ ಹುಲ್ಲು ಹಠ ಮಾಡ್ತೈತಿ.

#42 ಲೂಪ್‌ಲೈನ್
ಹತ್ತು ದಿನ ಆಯ್ತು, ವರದಿ ಒಪ್ಪಿಸ್ತೀನಿ.

ಗುಡ್ಡದ ಒಂದಡಿ ಚೌಕದ ಮೇಲೆ ಬಿಸಿನೀರು ಸಿಂಪಡಿಸಿ ಪಿವಿಎ ಮೆತ್ತಗಾದ ಮೇಲೆ ಹಳೇ ಹುಲ್ಲೆಲ್ಲ ಕೆರೆದೆ. ಕಂದು ಬಣ್ಣ ಎರಡು ಕೈ, ಜರಡಿ ಮಣ್ಣು, ಪಿನ್ನು ಅಂಟಿನ ಮಧ್ಯಾನೇ. ಸ್ವಿಚ್ ಒತ್ತಿ ಅಲ್ಲಾಡಿಸಿದಾಗ 2 ಮಿ.ಮೀ. ಎಳೆ ಸರ್ರ್ ಅಂತ ಎದ್ದು ನಿಂತಿದ್ದು ನೋಡಿ ನಾನೂ ಎದ್ದು ನಿಂತೆ. ಹಳಿ ಪಕ್ಕ ಗಿಡ್ಡ, ಬೇಲಿ ಆಚೆ ಎರಡನೇ ಪದರ. ಕಾಲುದಾರಿಗೆ ಅಂಟೇ ಹಚ್ಚಲಿಲ್ಲ. ಸುಟ್ಟ ತೇಪೆ ಸ್ವಲ್ಪ ದೊಡ್ಡದಾಯ್ತು, ಕಾಡ್ಗಿಚ್ಚು ಅಂದ್ಕೊಳ್ಳಿ. ಗೂಡ್ಸ್ ಎಂಜಿನ್ನಿನ ತಳ ಬಿಚ್ಚಿದೆ, ಹಸಿರು ಮೀಸೆ ಸಿಕ್ತು. ಕಪ್ಪು-ಬಿಳುಪು ಫೋಟೋದಲ್ಲಿ ಈಗ ಐದಾರು ಥರ ಬೂದು ಕಾಣ್ತಿದೆ.

ಪೊದೆಯ ನಾರು ಇನ್ನೂ ಹಿಂಜ್ತಾನೇ ಇದ್ದೀನಿ. ಬೆರಳು ಕಾಣೋ ತನಕ ಅಂದ್ರಿ, ಬೆರಳೇ ಸವೀತಿದೆ.

ಮಗಳು ಈ ಸಲ ಕಾರ್ಪೆಟ್ ಅನ್ನಲಿಲ್ಲ, ತನ್ನ ಆಟಿಕೆ ಡಬ್ಬಿಯಿಂದ ಒಂದು ಹಸು ತಂದು ಬೇಲಿ ಆಚೆ ನಿಲ್ಲಿಸಿದ್ದಾಳೆ. ತೆಗೆಯೋಕೆ ಬಿಡ್ತಿಲ್ಲ. ಫೋಟೋ ಹಾಕಿದ್ದೀನಿ.

#43 ಹಸಿರು ಬಾವುಟ
ದಾರಿ ಪಕ್ಕ ಹುಲ್ಲು ತೆಳುವಾಗ್ತಾ ಹೋಗಿರೋದು ಬಹಳ ಚೆನ್ನಾಗಿದೆ. ಬೇಲಿ ಕಂಬದ ಬುಡಕ್ಕೆ ಇನ್ನೂ ಒಂದೊಂದು ಗೊಂಚಲು ಇಡಿ.

#44 ಹಳೇ ಪಾಯಿಂಟ್ಸ್‌ಮನ್
ಒಳ್ಳೇ ಕೆಲಸ. ಆದ್ರೆ ಅಂಟು ಮಣ್ಣಿನ ಕಡೆ ಅಲ್ಲಲ್ಲಿ ಹೊಳೀತಿದೆ, ಮ್ಯಾಟ್ ವಾರ್ನಿಶ್ ಒಂದು ಕೈ ಹೊಡೀರಿ. ಮತ್ತೆ ಆ ಹಸು ನಿಮ್ಮ ಸ್ಕೇಲಿನದ್ದಲ್ಲ, ಓಓ ಅನ್ಸುತ್ತೆ. 1:76ರ ಹಸು 1:87ರಲ್ಲಿ ನೂರಕ್ಕೆ ಹದಿನಾಲ್ಕರಷ್ಟು ದೊಡ್ಡದು.

#45 ಬಫರ್ ಸ್ಟಾಪ್
ಹುಲ್ಲು ಅಷ್ಟು ಚೆನ್ನಾಗಿದ್ರೆ ಹಸು ದಪ್ಪ ಆಗದೆ ಇರುತ್ತಾ ಸರ್?